ಸೆಮ್ಯೊನೊವ್‌ಸ್ಕಿ: ಸಿಂಹಾಸನದ ಕಾವಲು, ಸಿಂಹಾಸನದ ಭಯ

ಮಾಸ್ಕೋದ ಪೂರ್ವಕ್ಕೆ, ಯಾವುಜಾ ನದಿಯ ಬದಿಯಲ್ಲಿ ಪ್ರಿಯೊಬ್ರಜೆನ್‌ಸ್ಕೊಯೆ, ಸೆಮ್ಯೊನೊವ್‌ಸ್ಕೊಯೆ ಎಂಬ ಎರಡು ಹಳ್ಳಿಗಳಿದ್ದವು. 1680ರ ದಶಕದಲ್ಲಿ ರಷ್ಯಾದ ಗದ್ದುಗೆಯ ಮೇಲೆ ಹೆಸರಿಗೆ ಇವಾನ್ ಮತ್ತು ಪೀಟರ್ ಎಂಬ ಇಬ್ಬರು ಕಿರಿಯರು ಕೂತಿದ್ದರು. ಆಡಳಿತ ನಡೆಸುತ್ತಿದ್ದವಳು ಅಕ್ಕ ಸೋಫಿಯಾ. ಕ್ರೆಮ್ಲಿನ್‌ನಿಂದ ದೂರ ಉಳಿದ ಬಾಲಕ ಪೀಟರ್ ಪ್ರಿಯೊಬ್ರಜೆನ್‌ಸ್ಕೊಯೆಯಲ್ಲಿ ಕುದುರೆ ಲಾಯದ ಆಳುಗಳನ್ನೂ ದೊಡ್ಡ ಮನೆತನಗಳ ಹುಡುಗರನ್ನೂ ಕಲೆಹಾಕಿ ಯುದ್ಧದಾಟ ಆಡತೊಡಗಿದ. ಮಣ್ಣಿನ ಕೋಟೆ ಕಟ್ಟುವುದು, ಮುತ್ತಿಗೆ ಹಾಕುವುದು, ಫಿರಂಗಿ ಹಾರಿಸುವುದು ದಿನದ ಕೆಲಸವಾಯಿತು. ಜನ ಇದನ್ನು ‘ಆಟದ ಪಡೆ’ ಎಂದೇ ಕರೆದರು. ಹುಡುಗರ ಸಂಖ್ಯೆ ಬೆಳೆದು ಒಂದು ಹಳ್ಳಿ ಸಾಲದಾದಾಗ ಉಳಿದವರಿಗೆ ಪಕ್ಕದ ಸೆಮ್ಯೊನೊವ್‌ಸ್ಕೊಯೆಯಲ್ಲಿ ಬಿಡಾರ ಮಾಡಿಕೊಡಲಾಯಿತು. 1690ರ ದಶಕದ ಆರಂಭದ ಹೊತ್ತಿಗೆ ಎರಡು ಗುಂಪುಗಳೂ ತಮ್ಮ ತಮ್ಮ ಹಳ್ಳಿಯ ಹೆಸರು ಹೊತ್ತ ಪೂರ್ಣ ಪ್ರಮಾಣದ ರೆಜಿಮೆಂಟುಗಳಾಗಿದ್ದವು. ಸೆಮ್ಯೊನೊವ್‌ಸ್ಕಿ ಅಂಗರಕ್ಷಕ ಕಾಲಾಳು ರೆಜಿಮೆಂಟಿನ ಹುಟ್ಟು ಇದು.

ಆಟದ ಹಿಂದೆ ಕೊಲೆಯ ನೆನಪಿತ್ತು. 1682ರಲ್ಲಿ ಮಾಸ್ಕೋದ ಹಳೆಯ ಬಂದೂಕು ಪಡೆಯಾದ ಸ್ಟ್ರೆಲ್ತ್ಸಿಯವರು ಅರಮನೆಗೆ ನುಗ್ಗಿ ಪೀಟರನ ತಾಯಿಯ ಕಡೆಯವರನ್ನು ಕೊಚ್ಚಿ ಹಾಕಿದ್ದರು. ಆಗ ಅವನಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಆ ಪಡೆಯನ್ನು ಅವನು ಜೀವಮಾನದಲ್ಲಿ ನಂಬಲಿಲ್ಲ. 1689ರಲ್ಲಿ ಸೋಫಿಯಾಳೊಂದಿಗಿನ ಜಗಳ ತುದಿಗೆ ಬಂದಾಗ ಅವನ ಬೆನ್ನಿಗೆ ನಿಂತದ್ದು ಈ ಆಟದ ಪಡೆಗಳೇ. 1698ರಲ್ಲಿ ಪೀಟರ್ ಪಶ್ಚಿಮ ಯುರೋಪಿನ ಪ್ರವಾಸದಲ್ಲಿದ್ದಾಗ ಸ್ಟ್ರೆಲ್ತ್ಸಿ ಮತ್ತೆ ದಂಗೆಯೆದ್ದಿತು. ಹೊಸ ರೆಜಿಮೆಂಟುಗಳು ಅದನ್ನು ಅಡಗಿಸಿದವು. ಪೀಟರ್ ಮರಳಿ ಬಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ. ಗದ್ದುಗೆಯನ್ನು ಕಾಯುವ ಪಡೆಯೇ ಗದ್ದುಗೆಗೆ ಅಪಾಯವಾಗಬಲ್ಲದು ಎಂಬುದು ಸೆಮ್ಯೊನೊವ್‌ಸ್ಕಿಯ ಜನ್ಮಕ್ಕೇ ಅಂಟಿಕೊಂಡ ಸಂಗತಿ. ಮುಂದಿನ ಎರಡು ಶತಮಾನಗಳ ಅದರ ಚರಿತ್ರೆಯಲ್ಲಿ ಯುದ್ಧಗಳಿಗಿಂತ ಹೆಚ್ಚು ತೂಕ ಇರುವುದು ಈ ಸಂಗತಿಗೆ. (ಇಲ್ಲಿ ಬರುವ ತಾರೀಖುಗಳೆಲ್ಲ ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದವು. 1918ರ ತನಕ ಅದು ಉಳಿದ ಯುರೋಪಿಗಿಂತ 10ರಿಂದ 13 ದಿನ ಹಿಂದಿತ್ತು.)

ರೆಜಿಮೆಂಟಿಗೆ ಕೀರ್ತಿ ಬಂದದ್ದು ಒಂದು ಸೋಲಿನಲ್ಲಿ. 1700ರ ನವೆಂಬರ್ 19ರಂದು ನಾರ್ವಾ ಕೋಟೆಯ ಮುಂದೆ ಸ್ವೀಡನ್ನಿನ ಹದಿಹರೆಯದ ದೊರೆ ಹನ್ನೆರಡನೆಯ ಚಾರ್ಲ್ಸ್ ಹಿಮ ಸುರಿಯುತ್ತಿದ್ದಾಗ ಮೇಲೆರಗಿ, ತನ್ನದಕ್ಕಿಂತ ಬಹಳ ದೊಡ್ಡದಾದ ರಷ್ಯನ್ ಸೈನ್ಯವನ್ನು ಚಿಂದಿ ಮಾಡಿದ. ಸೇನಾಪತಿಗಳು ಶರಣಾದರು, ಸಿಪಾಯಿಗಳು ದಿಕ್ಕಾಪಾಲಾದರು. ಪ್ರಿಯೊಬ್ರಜೆನ್‌ಸ್ಕಿ ಮತ್ತು ಸೆಮ್ಯೊನೊವ್‌ಸ್ಕಿ ರೆಜಿಮೆಂಟುಗಳು ಮಾತ್ರ ಸಾಮಾನು ಬಂಡಿಗಳನ್ನು ಅಡ್ಡ ನಿಲ್ಲಿಸಿಕೊಂಡು ಕತ್ತಲಾಗುವವರೆಗೂ ಕದಲಲಿಲ್ಲ. ಕೊನೆಗೆ ಆಯುಧಗಳೊಂದಿಗೇ ಹೊರಟುಹೋಗಲು ಚಾರ್ಲ್ಸ್ ಅವರಿಗೆ ಒಪ್ಪಿಗೆ ಕೊಟ್ಟ. ಈ ಎರಡು ರೆಜಿಮೆಂಟುಗಳ ಅಧಿಕಾರಿಗಳು ಕೊರಳಲ್ಲಿ ಧರಿಸುತ್ತಿದ್ದ ಲೋಹದ ಪದಕದ ಮೇಲೆ ‘1700, ನವೆಂಬರ್ 19’ ಎಂದು ಕೆತ್ತಿಸಲಾಯಿತು. ಸೋಲಿನ ತಾರೀಖನ್ನು ಬಿರುದಿನಂತೆ ಧರಿಸಿದ ಪಡೆಗಳು ಲೋಕದಲ್ಲಿ ಹೆಚ್ಚಿಲ್ಲ. ಮೊಣಕಾಲುದ್ದದ ರಕ್ತದಲ್ಲಿ ನಿಂತು ಕಾದಿದ್ದಕ್ಕೆ ಅವರಿಗೆ ಕೆಂಪು ಕಾಲುಚೀಲ ಕೊಟ್ಟರೆಂಬ ಕತೆಯೂ ಹುಟ್ಟಿಕೊಂಡಿತು, ಅದು ದಂತಕತೆಯೇ.

ಎರಡು ವರ್ಷಗಳ ಬಳಿಕ, 1702ರ ಅಕ್ಟೋಬರಿನಲ್ಲಿ, ನೆವಾ ನದಿಯು ಲಡೋಗಾ ಸರೋವರದಿಂದ ಹೊರಡುವಲ್ಲಿರುವ ನಡುಗಡ್ಡೆ ಕೋಟೆ ನೋಟೆಬರ್ಗ್‌ನ ಮೇಲೆ ದಾಳಿ ನಡೆಯಿತು. ಏಣಿಗಳು ಗೋಡೆಗಿಂತ ಗಿಡ್ಡವಿದ್ದವು. ಗೋಡೆಯ ಬುಡದಲ್ಲಿ ಸಿಪಾಯಿಗಳು ಗುಂಪು ಗುಂಪಾಗಿ ಸಾಯುತ್ತಿದ್ದಾಗ ಹಿಮ್ಮೆಟ್ಟುವಂತೆ ಪೀಟರ್ ಹೇಳಿಕಳಿಸಿದ. ಸೆಮ್ಯೊನೊವ್‌ಸ್ಕಿಯ ಲೆಫ್ಟಿನೆಂಟ್ ಕರ್ನಲ್ ಮಿಖಾಯಿಲ್ ಗೊಲಿತ್ಸಿನ್, ತಾನು ಇನ್ನು ದೇವರಿಗೆ ಸೇರಿದವನೇ ಹೊರತು ದೊರೆಗಲ್ಲ ಎಂದು ಉತ್ತರ ಕೊಟ್ಟು, ಯಾರೂ ಹಿಂದಿರುಗದಂತೆ ದೋಣಿಗಳನ್ನೇ ನೀರಿಗೆ ತಳ್ಳಿಸಿದನಂತೆ. ಮಾತು ನಿಜವೋ ಅಲ್ಲವೋ, ಕೋಟೆಯಂತೂ ವಶವಾಯಿತು. ಪೀಟರ್ ಅದಕ್ಕೆ ಶ್ಲಿಸೆಲ್‌ಬುರ್ಗ್ ಎಂದು ಹೊಸ ಹೆಸರಿಟ್ಟ. ಮುಂದೆ ಅದು ಸಾಮ್ರಾಜ್ಯದ ಅತ್ಯಂತ ಕಠೋರ ಸೆರೆಮನೆಯಾಗಿ, ಈ ರೆಜಿಮೆಂಟಿನ ಕತೆಯಲ್ಲಿ ಇನ್ನೊಮ್ಮೆ ಬರುತ್ತದೆ. 1708ರಲ್ಲಿ ಲೆಸ್ನಾಯಾ, 1709ರಲ್ಲಿ ಪೊಲ್ಟಾವಾ: ಸ್ವೀಡನ್ನಿನ ಬಲ ಮುರಿದ ಈ ಎರಡೂ ಕಾಳಗಗಳಲ್ಲಿ ಸೆಮ್ಯೊನೊವ್‌ಸ್ಕಿ ಇತ್ತು.

ಪೀಟರನಿಗೆ ಅಂಗರಕ್ಷಕ ಪಡೆ ಎಂದರೆ ಕೇವಲ ಕಾದಾಡುವ ದಂಡಲ್ಲ. ಅದು ಅವನ ಶಾಲೆ, ಅವನ ಕಚೇರಿ, ಅವನ ಬೇಹುಗಾರಿಕೆ ಎಲ್ಲವೂ ಆಗಿತ್ತು. ಲಂಚ ತಿಂದ ರಾಜ್ಯಪಾಲನ ವಿಚಾರಣೆಗೆ ಹೋಗುವವರು, ತೆರಿಗೆಗಾಗಿ ಜನಗಣತಿ ಮಾಡಿಸುವವರು, ಕೆಲಸ ಮಾಡದ ಸೆನೆಟ್ ಸದಸ್ಯರನ್ನು ಗದರಿಸುವವರು ಎಲ್ಲ ಇಲ್ಲಿನ ಮೇಜರುಗಳು, ಸಾರ್ಜೆಂಟುಗಳು. 1718ರಲ್ಲಿ ಪೀಟರನ ಸ್ವಂತ ಮಗ ಅಲೆಕ್ಸೇಯ್‌ಗೆ ಮರಣದಂಡನೆ ವಿಧಿಸಿದ ಪತ್ರಕ್ಕೆ ಸಹಿ ಹಾಕಿದವರಲ್ಲಿ ಅಂಗರಕ್ಷಕ ಪಡೆಯ ಅಧಿಕಾರಿಗಳೂ ಇದ್ದರು. 1714ರ ಆಜ್ಞೆಯ ಪ್ರಕಾರ ಕುಲೀನರ ಮಕ್ಕಳು ಈ ಪಡೆಗಳಲ್ಲಿ ಮೊದಲು ಸಾಮಾನ್ಯ ಸಿಪಾಯಿಗಳಾಗಿ ದುಡಿದರೆ ಮಾತ್ರ ಅಧಿಕಾರಿ ಹುದ್ದೆ ಸಿಗುತ್ತಿತ್ತು. ಅದಕ್ಕೆ ಪ್ರತಿಫಲವೂ ಇತ್ತು: 1722ರ ಶ್ರೇಣಿ ಪಟ್ಟಿಯಲ್ಲಿ ಅಂಗರಕ್ಷಕ ಪಡೆಯ ಅಧಿಕಾರಿ ಸಾಮಾನ್ಯ ಸೇನೆಯ ಅದೇ ಹುದ್ದೆಯವನಿಗಿಂತ ಎರಡು ಮೆಟ್ಟಿಲು ಮೇಲೆ.

ಇಷ್ಟು ಅಧಿಕಾರದ ರುಚಿ ಕಂಡ ಪಡೆ ದೊರೆ ಸತ್ತಾಗ ಕೈಕಟ್ಟಿ ಕೂರಲಿಲ್ಲ. 1725ರ ಜನವರಿಯಲ್ಲಿ ಪೀಟರ್ ಉತ್ತರಾಧಿಕಾರಿಯನ್ನು ಹೆಸರಿಸದೆ ತೀರಿಕೊಂಡ. ಒಳಗೆ ಮಂತ್ರಿಗಳು ಚರ್ಚೆಯಲ್ಲಿದ್ದಾಗ ಹೊರಗೆ ಎರಡೂ ರೆಜಿಮೆಂಟುಗಳ ನಗಾರಿ ಕೇಳಿಸಿತು, ಚರ್ಚೆ ಮುಗಿಯಿತು. ವಿಧವೆ ಕ್ಯಾಥರೀನ್ ಪಟ್ಟಕ್ಕೆ ಬಂದಳು. 1730ರಲ್ಲಿ ರಾಣಿ ಅನ್ನಾಳ ಅಧಿಕಾರಕ್ಕೆ ಮಿತಿ ಹಾಕಲು ಹೊರಟ ಕುಲೀನರ ಪ್ರಯತ್ನವನ್ನು ಮುರಿದದ್ದು ಅಂಗರಕ್ಷಕ ಅಧಿಕಾರಿಗಳ ಒತ್ತಾಯ. ಉಪಕಾರ ಪಡೆದ ರಾಣಿ ಮಾಡಿದ ಮೊದಲ ಕೆಲಸಗಳಲ್ಲೊಂದು, ಹಳೆಯ ಎರಡು ರೆಜಿಮೆಂಟುಗಳಿಗೆ ಎದುರು ತೂಕವಾಗಿ ಇಜ್ಮೈಲೊವ್‌ಸ್ಕಿ ಎಂಬ ಮೂರನೆಯದನ್ನು ಕಟ್ಟಿದ್ದು. 1762ರಲ್ಲಿ ಗಂಡನನ್ನು ಇಳಿಸಲು ಹೊರಟ ಎರಡನೆಯ ಕ್ಯಾಥರೀನ್ ಮೊದಲು ಹೋದದ್ದು ಆ ಇಜ್ಮೈಲೊವ್‌ಸ್ಕಿಯ ಬಿಡಾರಕ್ಕೆ, ಅನಂತರ ಸೆಮ್ಯೊನೊವ್‌ಸ್ಕಿಗೆ.

ಅಷ್ಟರಲ್ಲಿ ರೆಜಿಮೆಂಟು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆಯೂರಿತ್ತು. ಫೊಂಟಾಂಕಾ ನದಿಯ ದಕ್ಷಿಣಕ್ಕೆ ಅದರ ಬಡಾವಣೆ: ಕಂಪನಿಗೊಂದು ಬೀದಿ, ಮರದ ಮನೆಗಳು, ಆಸ್ಪತ್ರೆ, ಇಗರ್ಜಿ, ಬದಿಯಲ್ಲಿ ವಿಶಾಲವಾದ ಕವಾಯತು ಮೈದಾನ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇಲ್ಲಿ ಕೆಳಹಂತದಲ್ಲಿ ಹಲವು ವರ್ಷ ದುಡಿದ ಒಬ್ಬ ತರುಣನೆಂದರೆ ಮುಂದೆ ಸೋಲರಿಯದ ಸೇನಾಪತಿಯೆನಿಸಿದ ಅಲೆಕ್ಸಾಂಡರ್ ಸುವೊರೊವ್. ಪೀಟರ್‌ಹೋಫ್ ಅರಮನೆಯಲ್ಲಿ ಪಹರೆ ನಿಂತಿದ್ದಾಗ ರಾಣಿ ಎಲಿಜಬೆತ್ ಬೆಳ್ಳಿ ರೂಬಲ್ ಕೊಡಲು ಬಂದರೆ, ಪಹರೆಯಲ್ಲಿದ್ದಾಗ ಹಣ ಮುಟ್ಟಬಾರದೆಂದು ಅವನು ನಿರಾಕರಿಸಿದ ಕತೆ ಪ್ರಸಿದ್ಧ. ಆದರೆ ಸುವೊರೊವ್ ಅಪವಾದ. ಪೀಟರನ ಕಟ್ಟುನಿಟ್ಟು ಅಷ್ಟರಲ್ಲಿ ಸಡಿಲವಾಗಿತ್ತು. ತೊಟ್ಟಿಲ ಮಗುವನ್ನೇ ರೆಜಿಮೆಂಟಿನ ದಾಖಲೆಗೆ ಸೇರಿಸಿ, ಅದು ದೊಡ್ಡದಾಗುವಷ್ಟರಲ್ಲಿ ಬಡ್ತಿ ಕೂಡಿಹಾಕುವುದು ಶ್ರೀಮಂತರ ರೂಢಿಯಾಯಿತು. ಪುಷ್ಕಿನ್‌ನ ‘ಕ್ಯಾಪ್ಟನನ ಮಗಳು’ ಕಾದಂಬರಿಯ ನಾಯಕ ತಾಯಿಯ ಹೊಟ್ಟೆಯಲ್ಲಿರುವಾಗಲೇ ಸೆಮ್ಯೊನೊವ್‌ಸ್ಕಿಯ ಸಾರ್ಜೆಂಟ್, ಗೇಲಿ ಕಾಲ್ಪನಿಕವಲ್ಲ. 1796ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಪಾಲ್ ಹೀಗೆ ಹೆಸರಿಗೆ ಮಾತ್ರ ಇದ್ದವರೆಲ್ಲ ಬಂದು ಹಾಜರಾಗಲಿ ಎಂದು ಕಟ್ಟಪ್ಪಣೆ ಮಾಡಿದ.

ಪಾಲ್ ತನ್ನ ಮಗ ಅಲೆಕ್ಸಾಂಡರನನ್ನು ಸೆಮ್ಯೊನೊವ್‌ಸ್ಕಿಯ ಗೌರವ ಮುಖ್ಯಸ್ಥನನ್ನಾಗಿ ಮಾಡಿದ್ದ. 1801ರ ಮಾರ್ಚ್ 11ರ ರಾತ್ರಿ ಸಂಚುಕೋರರು ಮಿಖಾಯಿಲೊವ್‌ಸ್ಕಿ ಕೋಟೆಯೊಳಗೆ ನುಗ್ಗಿ ಪಾಲ್‌ನನ್ನು ಅವನ ಮಲಗುವ ಕೋಣೆಯಲ್ಲೇ ಕೊಂದಾಗ ಕೋಟೆಯ ಪಹರೆಯಲ್ಲಿದ್ದದ್ದು ಮಗನ ರೆಜಿಮೆಂಟ್. ದಿನದ ಆಯ್ಕೆ ಆಕಸ್ಮಿಕವಾಗಿರಲಿಲ್ಲ. ಹೊಸ ಝಾರ್ ಅಲೆಕ್ಸಾಂಡರ್ ಈ ರೆಜಿಮೆಂಟಿನ ಸಮವಸ್ತ್ರವನ್ನು ಮೆಚ್ಚಿ ತೊಡುತ್ತಿದ್ದ, ಅಧಿಕಾರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮುಂದೆ 1820ರಲ್ಲಿ ಈ ರೆಜಿಮೆಂಟು ಮಾಡಿದ ಪ್ರತಿಭಟನೆ ಅವನಿಗೆ ಅಷ್ಟು ನಾಟಿದ್ದಕ್ಕೆ ಈ ಸಲಿಗೆಯೇ ಕಾರಣ.

ನೆಪೋಲಿಯನ್ ವಿರುದ್ಧದ ಯುದ್ಧಗಳಲ್ಲಿ ರೆಜಿಮೆಂಟು ಆಸ್ಟರ್ಲಿಟ್ಜ್‌ನಿಂದ ಪ್ಯಾರಿಸ್‌ವರೆಗೆ ನಡೆಯಿತು. 1812ರ ಬೊರೊಡಿನೊ ಕಾಳಗದಲ್ಲಿ ಅದು ಮೀಸಲು ಪಡೆಯಾಗಿ ಫಿರಂಗಿ ಗುಂಡುಗಳ ಕೆಳಗೆ ಗಂಟೆಗಟ್ಟಲೆ ಸುಮ್ಮನೆ ನಿಂತಿತ್ತು. ನಿಜವಾದ ಅಗ್ನಿಪರೀಕ್ಷೆ 1813ರ ಆಗಸ್ಟ್ 17ರಂದು ಬೊಹೀಮಿಯಾದ ಕುಲ್ಮ್‌ನಲ್ಲಿ. ಡ್ರೆಸ್ಡೆನ್‌ನಲ್ಲಿ ಸೋತು ಬೆಟ್ಟದ ದಾರಿಗಳಲ್ಲಿ ಹಿಂದೆ ಸರಿಯುತ್ತಿದ್ದ ಮಿತ್ರಸೈನ್ಯವನ್ನು ಫ್ರೆಂಚ್ ಸೇನಾನಿ ವಾಂಡಾಮ್ ಅಡ್ಡಗಟ್ಟಲು ಬಂದಾಗ, ಅವನಿಗಿಂತ ಸಂಖ್ಯೆಯಲ್ಲಿ ಬಹಳ ಕಡಿಮೆಯಿದ್ದ ರಷ್ಯನ್ ಅಂಗರಕ್ಷಕ ವಿಭಾಗ ಇಡೀ ದಿನ ತಡೆದು ನಿಲ್ಲಿಸಿತು. ಸೆಮ್ಯೊನೊವ್‌ಸ್ಕಿ ಸುಮಾರು 900 ಜನರನ್ನು, ಅಂದರೆ ತನ್ನ ಅರ್ಧದಷ್ಟು ಬಲವನ್ನು ಕಳೆದುಕೊಂಡಿತು. ಮರುದಿನ ನೆರವು ಬಂದು ವಾಂಡಾಮ್ ಸೆರೆಯಾದ. ರೆಜಿಮೆಂಟಿಗೆ ಸೇಂಟ್ ಜಾರ್ಜ್ ಧ್ವಜದ ಗೌರವ ಸಿಕ್ಕಿತು.

ಪ್ಯಾರಿಸ್‌ನಿಂದ ಮರಳಿದವರು ಹೋದವರಂತಿರಲಿಲ್ಲ. ಜೀತದ ರೈತರ ಮಕ್ಕಳಾದ ಸಿಪಾಯಿಗಳು ಜೀತವಿಲ್ಲದ ಹಳ್ಳಿಗಳನ್ನು ಕಂಡಿದ್ದರು. ಇಪ್ಪತ್ತರ ಹರೆಯದ ಅಧಿಕಾರಿಗಳು ಅಂಥ ದೇಶಗಳ ಪತ್ರಿಕೆಗಳನ್ನು ಓದಿದ್ದರು. ಸೆಮ್ಯೊನೊವ್‌ಸ್ಕಿಯಲ್ಲಿ ಆಗ ಒಂದೇ ಕಾಲಕ್ಕೆ ಅಪರೂಪದ ತಲೆಗಳು ಸೇರಿದ್ದವು: ಸೆರ್ಗೇಯ್ ತ್ರುಬೆತ್ಸ್‌ಕೊಯ್, ಇವಾನ್ ಯಾಕುಶ್ಕಿನ್, ಮತ್ವೇಯ್ ಮತ್ತು ಸೆರ್ಗೇಯ್ ಮುರವ್ಯೊವ್-ಅಪೊಸ್ತೊಲ್ ಸೋದರರು. ಮುಂದೆ ರಷ್ಯಾದ ವೈಚಾರಿಕ ಲೋಕವನ್ನು ಕಲಕಿದ ಪ್ಯೊತ್ರ್ ಚಾದಾಯೆವ್ ಬೊರೊಡಿನೊದಲ್ಲಿ ಕಾದಿದ್ದೂ ಇದೇ ಸಮವಸ್ತ್ರದಲ್ಲಿ. ಅಧಿಕಾರಿಗಳು ಸೇರಿ ಒಟ್ಟಿಗೆ ಉಣ್ಣುವ ಒಂದು ಸಂಘ ಮಾಡಿಕೊಂಡರು. ಊಟದ ಬಳಿಕ ಕೆಲವರು ಚದುರಂಗಕ್ಕೆ ಕೂತರೆ ಕೆಲವರು ವಿದೇಶೀ ಪತ್ರಿಕೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಇಸ್ಪೀಟು, ಕುಡಿತವೇ ದಿನಚರಿಯಾಗಿದ್ದ ಸೈನ್ಯದಲ್ಲಿ ಇದು ಹೊಸದು. ಝಾರ್‌ಗೆ ಹಿಡಿಸದೆ ಸಂಘವನ್ನು ಮುಚ್ಚಿಸಿದ. 1816ರಲ್ಲಿ ಮುರವ್ಯೊವ್-ಅಪೊಸ್ತೊಲ್ ಸೋದರರ ಬಿಡಾರದಲ್ಲಿ ಆರು ಜನ ಸೇರಿ ಜೀತ ರದ್ದು ಮಾಡಿಸುವ, ರಾಜಸತ್ತೆಗೆ ಸಂವಿಧಾನದ ಮಿತಿ ಹಾಕಿಸುವ ಗುರಿಯಿಟ್ಟು ಗುಪ್ತ ಸಂಘವೊಂದನ್ನು ಕಟ್ಟಿದರು. ಆ ಆರರಲ್ಲಿ ನಾಲ್ವರು ಇದೇ ರೆಜಿಮೆಂಟಿನವರು. ಮುಂದೆ ಡಿಸೆಂಬ್ರಿಸ್ಟರು ಎನಿಸಿಕೊಂಡವರ ಮೊದಲ ಸಂಘಟನೆ ಇದು.

ಇನ್ನೊಂದು ಬದಲಾವಣೆ ಇದಕ್ಕಿಂತ ಸದ್ದಿಲ್ಲದ್ದು, ಪರಿಣಾಮದಲ್ಲಿ ಇದಕ್ಕಿಂತ ದೊಡ್ಡದು. ರೆಜಿಮೆಂಟಿನ ಮುಖ್ಯಸ್ಥ ಯಾಕೊವ್ ಪೊತ್ಯೊಮ್ಕಿನ್‌ನ ಕಾಲದಲ್ಲಿ ಅಧಿಕಾರಿಗಳು ಸಿಪಾಯಿಗಳನ್ನು ಹೊಡೆಯುವುದನ್ನು ತಾವಾಗಿಯೇ ಬಿಟ್ಟರು. ಬೆತ್ತವಿಲ್ಲದೆ ಕವಾಯತು ನಡೆಯದು ಎಂದು ನಂಬಿದ್ದ ಸೈನ್ಯದಲ್ಲಿ, ಬೆತ್ತವಿಲ್ಲದ ಈ ರೆಜಿಮೆಂಟಿನ ಶಿಸ್ತು ಯಾರಿಗೂ ಕಡಿಮೆಯಿರಲಿಲ್ಲ. ಸಿಪಾಯಿಗಳು ಬಿಡುವಿನಲ್ಲಿ ಕೈಕಸುಬು ಮಾಡಿ ದುಡಿದದ್ದನ್ನು ಒಟ್ಟು ಹಾಕಿಕೊಳ್ಳುತ್ತಿದ್ದರು, ಒಬ್ಬರನ್ನೊಬ್ಬರು ಗೌರವದಿಂದ ಕಾಣುತ್ತಿದ್ದರು.

ಕಟ್ಟುನಿಟ್ಟಿಗೆ ಹೆಸರಾದ ಮಂತ್ರಿ ಅರಾಕ್ಚೆಯೆವ್‌ಗೂ ಝಾರ್‌ನ ತಮ್ಮ ಮಿಖಾಯಿಲ್‌ಗೂ ಇದು ಸಡಿಲವಾಗಿ ಕಂಡಿತು. 1820ರ ವಸಂತದಲ್ಲಿ ಪೊತ್ಯೊಮ್ಕಿನ್‌ನನ್ನು ತೆಗೆದು ಕರ್ನಲ್ ಫ್ಯೊದೊರ್ ಶ್ವಾರ್ತ್ಸ್ ಎಂಬವನನ್ನು ತಂದರು. ಅವನು ದಿನವೂ ಸಿಪಾಯಿಗಳ ಒಂದೊಂದು ಗುಂಪನ್ನು ತನ್ನ ಮನೆಗೇ ಕರೆಸಿ ಕವಾಯತು ಮಾಡಿಸಿದ, ಮೀಸೆ ಹಿಡಿದು ಎಳೆದ, ಮುಖಕ್ಕೆ ಉಗುಳಿದ. ಉಡುಪಿನ ಹೊಳಪಿಗಾಗಿ ಅವರು ಕೂಡಿಟ್ಟ ಹಣವೆಲ್ಲ ಕರಗುವಂತೆ ಮಾಡಿದ. ಅದೇ ವರ್ಷದ ಮೇ 1ರಿಂದ ಅಕ್ಟೋಬರ್ 3ರವರೆಗೆ 44 ಜನರಿಗೆ ಒಟ್ಟು 14,250 ಏಟುಗಳು ಬಿದ್ದವು. ಶೌರ್ಯಕ್ಕಾಗಿ ಸೇಂಟ್ ಜಾರ್ಜ್ ಶಿಲುಬೆ ಪಡೆದವರನ್ನು ಹೊಡೆಯುವುದು ಕಾನೂನಿಗೇ ವಿರುದ್ಧ. ಶ್ವಾರ್ತ್ಸ್ ಅವರನ್ನೂ ಬಿಡಲಿಲ್ಲ. ಕುಲ್ಮ್‌ನಲ್ಲಿ ಉಳಿದುಬಂದವರನ್ನು ಶಾಂತಿಕಾಲದ ಮೈದಾನದಲ್ಲಿ ಗುಂಡಿ ಹಾಕಿಲ್ಲವೆಂದು ಬಡಿಯುವ ಸ್ಥಿತಿ ಬಂತು.

ಅಕ್ಟೋಬರ್ 16ರ ರಾತ್ರಿ ಹಾಜರಿ ಮುಗಿದ ಮೇಲೆ ಮೊದಲ ಕಂಪನಿ ಚದುರಲಿಲ್ಲ. ಇದು ಝಾರ್‌ನ ಹೆಸರಿನದೇ ಆದ ಕಂಪನಿ. ಸಿಪಾಯಿಗಳು ತಮ್ಮ ಕ್ಯಾಪ್ಟನನ್ನು ಕರೆಸಿ, ಇಂಥ ಕರ್ನಲನ ಕೈಕೆಳಗೆ ಬದುಕಲಾಗದು ಎಂದು ತಿಳಿಸಿದರು. ಕೂಗಾಟವಿಲ್ಲ, ಆಯುಧವಿಲ್ಲ. ಮರುದಿನ ಅವರನ್ನು ಉಪಾಯವಾಗಿ ಕರೆದೊಯ್ದು ಪೀಟರ್-ಪಾಲ್ ಕೋಟೆಯಲ್ಲಿ ಕೂಡಿಹಾಕಲಾಯಿತು. ಸುದ್ದಿ ತಿಳಿದ ಉಳಿದ ಕಂಪನಿಗಳು ರಾತ್ರಿಯೇ ಬಿಡಾರದಿಂದ ಹೊರಬಂದವು. ಅವರ ಬೇಡಿಕೆ ಸರಳ: ಅವರನ್ನು ಬಿಡಿ, ಇಲ್ಲವೇ ನಮ್ಮನ್ನೂ ಅಲ್ಲಿಗೇ ಕಳಿಸಿ. ಶ್ವಾರ್ತ್ಸ್ ತಲೆಮರೆಸಿಕೊಂಡ. ನಗರದ ಗವರ್ನರ್ ಜನರಲ್ ಮಿಲೊರಾದೊವಿಚ್‌ನಂಥ ಜನಪ್ರಿಯ ಸೇನಾನಿ ಬಂದು ಹೇಳಿದರೂ ಯಾರೂ ಕದಲಲಿಲ್ಲ. 18ರ ಬೆಳಿಗ್ಗೆ, ಹಾಗಾದರೆ ನೀವೂ ಕೋಟೆಗೆ ಹೋಗಿ ಎಂಬ ಅಪ್ಪಣೆಯಾದಾಗ ಸಿಪಾಯಿಗಳು ಬರಿಗೈಯಲ್ಲಿ ಸಾಲುಗಟ್ಟಿ ತಾವಾಗಿಯೇ ನಡೆದು ಸೆರೆಯಾದರು. ಬಂದೂಕು ಕೈಯಲ್ಲಿರಬಹುದಾಗಿದ್ದ ಜನ ಅದನ್ನು ಮುಟ್ಟದೆ ಹೀಗೆ ಮಾಡಿದ್ದು ರಷ್ಯನ್ ಸೈನ್ಯದ ಚರಿತ್ರೆಯಲ್ಲೇ ಅಪೂರ್ವ. ರೆಜಿಮೆಂಟಿನ ಧೈರ್ಯಕ್ಕೆ ನಾರ್ವಾ, ಕುಲ್ಮ್‌ಗಳಿಗಿಂತ ಈ ನಡಿಗೆಯೇ ದೊಡ್ಡ ಸಾಕ್ಷಿ.

ಅಲೆಕ್ಸಾಂಡರ್ ಆಗ ಯುರೋಪಿನ ದಂಗೆಗಳನ್ನು ಹತ್ತಿಕ್ಕುವ ಮಾತುಕತೆಗಾಗಿ ಟ್ರೊಪ್ಪಾವ್ ಸಮ್ಮೇಳನದಲ್ಲಿದ್ದ. ವರದಿ ಒಯ್ದವನು ಅಷ್ಟರಲ್ಲಿ ಅಂಗರಕ್ಷಕ ದಂಡಿನ ಮುಖ್ಯಸ್ಥನ ಸಹಾಯಕನಾಗಿದ್ದ ಚಾದಾಯೆವ್. ಸಿಪಾಯಿಗಳು ಬರಿಯ ಹೊಡೆತಕ್ಕೆ ಬೇಸತ್ತು ಹೀಗೆ ಮಾಡಿದರೆಂದು ಝಾರ್ ನಂಬಲಿಲ್ಲ. ಗುಪ್ತ ಸಂಘಗಳ ಕೈವಾಡ ಹುಡುಕಿದ. ತಮಾಷೆಯೆಂದರೆ ಗುಪ್ತ ಸಂಘ ನಿಜಕ್ಕೂ ಇತ್ತು. ಈ ಪ್ರತಿಭಟನೆಯಲ್ಲಿ ಮಾತ್ರ ಅದರ ಪಾತ್ರವಿರಲಿಲ್ಲ. ನವೆಂಬರ್ 2ರ ಆಜ್ಞೆಯಿಂದ ಇಡೀ ರೆಜಿಮೆಂಟನ್ನು ಬರಖಾಸ್ತು ಮಾಡಿ, ಅಧಿಕಾರಿಗಳನ್ನೂ ಸಿಪಾಯಿಗಳನ್ನೂ ಸೇನೆಯ ದೂರದ ಪಡೆಗಳಿಗೆ ಹಂಚಲಾಯಿತು. ಮುಂದಾಳುಗಳೆನಿಸಿದವರಿಗೆ ಎರಡು ಸಾಲು ಸಿಪಾಯಿಗಳ ನಡುವೆ ನಡೆಸುತ್ತ ಬೆತ್ತದಿಂದ ಹೊಡೆಸುವ ಶಿಕ್ಷೆಯಾಯಿತು. ಶ್ವಾರ್ತ್ಸ್‌ಗೆ ಮರಣದಂಡನೆ ವಿಧಿಸಿ, ಅದನ್ನು ಕೆಲಸದಿಂದ ವಜಾ ಎಂಬಷ್ಟಕ್ಕೆ ಇಳಿಸಿದರು. ಮುಂದೆ ಅವನು ಸೇವೆಗೂ ಮರಳಿದ. ಬೇರೆ ಗ್ರೆನೇಡಿಯರ್ ಪಡೆಗಳಿಂದ ಜನ ತಂದು ಅದೇ ಹೆಸರಿನ ಹೊಸ ರೆಜಿಮೆಂಟನ್ನು ಕಟ್ಟಲಾಯಿತು.

ಹಂಚಿಹೋದವರು ಕಿಡಿಗಳನ್ನು ಜೊತೆಯಲ್ಲೇ ಒಯ್ದಿದ್ದರು. ಸೆರ್ಗೇಯ್ ಮುರವ್ಯೊವ್-ಅಪೊಸ್ತೊಲ್ ಉಕ್ರೇನಿನ ಚೆರ್ನಿಗೊವ್ ರೆಜಿಮೆಂಟಿಗೂ, ಕಿರಿಯನಾದ ಮಿಖಾಯಿಲ್ ಬೆಸ್ತುಜೆವ್-ರ್ಯೂಮಿನ್ ಪೊಲ್ಟಾವಾ ರೆಜಿಮೆಂಟಿಗೂ ಹೋದರು. 1825ರ ಡಿಸೆಂಬರ್ 14ರಂದು ರಾಜಧಾನಿಯ ಸೆನೆಟ್ ಚೌಕದಲ್ಲಿ ಡಿಸೆಂಬ್ರಿಸ್ಟರ ದಂಗೆ ನಡೆದು ವಿಫಲವಾಯಿತು. ಅಂದು ಹೊಸ ಸೆಮ್ಯೊನೊವ್‌ಸ್ಕಿ ನಿಂತದ್ದು ಹೊಸ ಝಾರ್ ನಿಕೊಲಾಯ್‌ನ ಪರವಾಗಿ. ದಂಗೆಯ ನಾಯಕನೆಂದು ಆರಿಸಿದ್ದ ತ್ರುಬೆತ್ಸ್‌ಕೊಯ್ ಚೌಕಕ್ಕೇ ಬರಲಿಲ್ಲ. ತಿಂಗಳ ಕೊನೆಯಲ್ಲಿ ದಕ್ಷಿಣದಲ್ಲಿ ಚೆರ್ನಿಗೊವ್ ರೆಜಿಮೆಂಟ್ ಎದ್ದಿತು, ಕೆಲವೇ ದಿನಗಳಲ್ಲಿ ಅದನ್ನೂ ಹೊಸಕಿ ಹಾಕಿದರು. 1826ರ ಜುಲೈ 13ರಂದು ಗಲ್ಲಿಗೇರಿದ ಐವರಲ್ಲಿ ಮುರವ್ಯೊವ್-ಅಪೊಸ್ತೊಲ್ ಮತ್ತು ಬೆಸ್ತುಜೆವ್-ರ್ಯೂಮಿನ್ ಇಬ್ಬರೂ ಹಳೆಯ ಸೆಮ್ಯೊನೊವ್‌ಸ್ಕಿಯವರು.

ಮುಂದಿನ ಎಂಬತ್ತು ವರ್ಷ ರೆಜಿಮೆಂಟು ವಿಧೇಯವಾಗಿತ್ತು. 1828ರಲ್ಲಿ ವಾರ್ನಾ, 1831ರಲ್ಲಿ ವಾರ್ಸಾ, 1877ರಲ್ಲಿ ಬಲ್ಗೇರಿಯಾದ ಪ್ರಾವೆಟ್ಸ್ ಕಣಿವೆ: ಕಾಳಗಗಳ ಪಟ್ಟಿ ಬೆಳೆಯಿತು. ಅದಕ್ಕಿಂತ ಹೆಚ್ಚು ಹೆಸರಾದದ್ದು ಅದರ ಕವಾಯತು ಮೈದಾನ. 1837ರಲ್ಲಿ ರಷ್ಯಾದ ಮೊದಲ ರೈಲು ತ್ಸಾರ್‌ಸ್ಕೊಯೆ ಸೆಲೋಗೆ ಹೊರಟದ್ದು ಇದರ ಮಗ್ಗುಲಿಂದ. 1849ರ ಡಿಸೆಂಬರ್ 22ರಂದು ದಾಸ್ತೊಯೆವ್‌ಸ್ಕಿ ಮತ್ತು ಅವನ ಜೊತೆಗಾರರನ್ನು ಇಲ್ಲಿ ನಿಲ್ಲಿಸಿ, ಗುಂಡು ಹಾರಿಸುವ ಸಿದ್ಧತೆಯನ್ನೆಲ್ಲ ತೋರಿಸಿ ಕೊನೆಯ ಗಳಿಗೆಯಲ್ಲಿ ಶಿಕ್ಷೆ ತಗ್ಗಿಸುವ ಕ್ರೂರ ನಾಟಕ ನಡೆಯಿತು. 1881ರ ಏಪ್ರಿಲ್ 3ರಂದು ಎರಡನೆಯ ಅಲೆಕ್ಸಾಂಡರನನ್ನು ಬಾಂಬೆಸೆದು ಕೊಂದ ಸಂಚಿನ ಐವರನ್ನು ಇಲ್ಲೇ ಗಲ್ಲಿಗೇರಿಸಿದರು. ಅವರಲ್ಲಿ ಸೋಫಿಯಾ ಪೆರೊವ್‌ಸ್ಕಾಯಾ ಒಬ್ಬಳು.

ಸಾಮ್ರಾಜ್ಯದ ಕೊನೆಗಾಲದ ರೆಜಿಮೆಂಟು ನೋಟಕ್ಕೆ ಬೊಂಬೆಯ ಹಾಗೆ. ಅದರ ಕಾಲರು ತಿಳಿನೀಲಿ. ಪ್ರತಿವರ್ಷ ಹೊಸ ಸಿಪಾಯಿಗಳನ್ನು ರೂಪ ನೋಡಿ ಹಂಚುವಾಗ ಪ್ರಿಯೊಬ್ರಜೆನ್‌ಸ್ಕಿಗೆ ಭಾರೀ ಆಳುಗಳು, ಪಾವ್ಲೊವ್‌ಸ್ಕಿಗೆ ಮೊಂಡುಮೂಗಿನವರು, ಸೆಮ್ಯೊನೊವ್‌ಸ್ಕಿಗೆ ಎತ್ತರದ, ಹೊಂಗೂದಲಿನ, ಸಾಧ್ಯವಾದರೆ ಕಾಲರಿಗೆ ಹೊಂದುವ ನೀಲಿ ಕಣ್ಣಿನವರು. ಅಧಿಕಾರಿಗಳಿಗೆ ಸಂಬಳ ಸಾಲುತ್ತಿರಲಿಲ್ಲ, ಮನೆಯ ಹಣ ಬೇಕಿತ್ತು. ಮದುವೆಗೆ ಜೊತೆಗಾರರ ಒಪ್ಪಿಗೆಯೂ ಬೇಕಿತ್ತು. ಕ್ರಾಂತಿಯ ಬಳಿಕ ದೇಶ ಬಿಟ್ಟ ಯೂರಿ ಮಕಾರೊವ್ ಎಂಬ ಅಧಿಕಾರಿ ಬ್ಯೂನಸ್ ಐರಿಸ್‌ನಲ್ಲಿ 1951ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಈ ಲೋಕದ ಚಿತ್ರ ಸ್ವಾರಸ್ಯವಾಗಿ ಸಿಗುತ್ತದೆ.

ಈ ಬೊಂಬೆಗಳು ಗುಂಡು ಹಾರಿಸಿದ್ದು ಸ್ವಂತ ಜನರ ಮೇಲೆ. 1905ರ ಡಿಸೆಂಬರಿನಲ್ಲಿ ಮಾಸ್ಕೋದ ಕಾರ್ಮಿಕರು ದಂಗೆಯೆದ್ದು ಬೀದಿಗಳಿಗೆ ಅಡ್ಡಗಟ್ಟೆ ಕಟ್ಟಿದರು. ಅಲ್ಲಿನ ದಂಡನ್ನು ಸರ್ಕಾರ ನಂಬುವಂತಿರಲಿಲ್ಲ. ಡಿಸೆಂಬರ್ 15ರಂದು ಕರ್ನಲ್ ಗಿಯೋರ್ಗಿ ಮಿನ್‌ನ ಮುಂದಾಳ್ತನದಲ್ಲಿ ಸೆಮ್ಯೊನೊವ್‌ಸ್ಕಿ ರೈಲಿನಲ್ಲಿ ಬಂದಿಳಿಯಿತು. ಪ್ರೆಸ್ನ್ಯಾ ಬಡಾವಣೆಯ ಮೇಲೆ ಫಿರಂಗಿ ಹಾರಿತು. ಶ್ಮಿಟ್ ಪೀಠೋಪಕರಣ ಕಾರ್ಖಾನೆ ಉರಿದುಹೋಯಿತು. ಕರ್ನಲ್ ನಿಕೊಲಾಯ್ ರಿಮಾನ್ ಇನ್ನೊಂದು ತಂಡದೊಂದಿಗೆ ಕಜಾನ್ ರೈಲುಮಾರ್ಗದ ನಿಲ್ದಾಣಗಳಲ್ಲಿ ಇಳಿಯುತ್ತ, ವಿಚಾರಣೆಯಿಲ್ಲದೆ ಜನರನ್ನು ಗುಂಡಿಟ್ಟು ಕೊಲ್ಲಿಸಿದ. ದಂಗೆಕೋರರನ್ನು ತುಂಬಿದ ರೈಲನ್ನು ಗುಂಡಿನ ಮಳೆಯ ನಡುವೆ ಓಡಿಸಿ ಪಾರುಮಾಡಿದ್ದ ಎಂಜಿನ್ ಚಾಲಕ ಅಲೆಕ್ಸೇಯ್ ಉಖ್ತೊಮ್‌ಸ್ಕಿ ಲ್ಯುಬೆರ್ತ್ಸಿಯಲ್ಲಿ ಹೀಗೆ ಸತ್ತ. ಆ ಮಾರ್ಗದ ಒಂದು ನಿಲ್ದಾಣಕ್ಕೆ ಇಂದೂ ಅವನ ಹೆಸರಿದೆ. ಮಿನ್‌ಗೆ ಬಡ್ತಿ ಸಿಕ್ಕಿತು. 1906ರ ಆಗಸ್ಟ್ 13ರಂದು ಪೀಟರ್‌ಹೋಫ್ ನಿಲ್ದಾಣದಲ್ಲಿ ಹಳ್ಳಿ ಶಾಲೆಯ ಮಾಜಿ ಶಿಕ್ಷಕಿ ಜಿನಾಯ್ದಾ ಕೊನೊಪ್ಲ್ಯಾನ್ನಿಕೊವಾ ಅವನನ್ನು ಹೆಂಡತಿ ಮಗಳ ಎದುರೇ ಗುಂಡಿಟ್ಟು ಕೊಂದಳು. ಸುಮಾರು ಎರಡು ವಾರಗಳಲ್ಲಿ ಅವಳನ್ನು ಗಲ್ಲಿಗೇರಿಸಿದ್ದು ಶ್ಲಿಸೆಲ್‌ಬುರ್ಗ್‌ನಲ್ಲಿ, ಗೊಲಿತ್ಸಿನ್‌ನ ಸಿಪಾಯಿಗಳು ದಾಳಿ ಮಾಡಿ ಗೆದ್ದ ಅದೇ ಕೋಟೆಯಲ್ಲಿ.

ಮೊದಲ ಮಹಾಯುದ್ಧ ಈ ರೆಜಿಮೆಂಟನ್ನು ಪೋಲೆಂಡಿನಲ್ಲೂ ಸ್ತೊಖೊದ್ ನದಿಯ ಜವುಗಿನಲ್ಲೂ ಅರೆದು ಹಾಕಿತು. 1915ರ ಫೆಬ್ರುವರಿಯಲ್ಲಿ ಲೊಮ್ಜಾ ಬಳಿ ಸೆರೆಸಿಕ್ಕ ಒಬ್ಬ ತರುಣ ಅಧಿಕಾರಿ ಮಿಖಾಯಿಲ್ ತುಖಚೆವ್‌ಸ್ಕಿ. ಜರ್ಮನರ ಇಂಗೊಲ್‌ಸ್ಟಾಟ್ ಸೆರೆಶಿಬಿರದಲ್ಲಿ ಅವನ ಜೊತೆಗಾರನಾಗಿದ್ದವನು ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್. ತಪ್ಪಿಸಿಕೊಂಡು ಬಂದ ತುಖಚೆವ್‌ಸ್ಕಿ ಕೆಂಪು ಸೇನೆಗೆ ಸೇರಿ ಮಾರ್ಷಲ್ ಆದ, 1937ರಲ್ಲಿ ಸ್ಟಾಲಿನ್‌ನ ಗುಂಡಿಗೆ ಬಲಿಯಾದ.

1917ರ ಫೆಬ್ರುವರಿಯ ಹೊತ್ತಿಗೆ ಹಳೆಯ ಸಿಪಾಯಿಗಳಲ್ಲಿ ಹೆಚ್ಚಿನವರು ಮಣ್ಣು 	ಸೇರಿದ್ದರು. ರಾಜಧಾನಿಯ ಬಿಡಾರದಲ್ಲಿದ್ದದ್ದು ಹೊಸದಾಗಿ ಸೇರಿದ ಮೀಸಲು ಬೆಟಾಲಿಯನ್. ಅದು 27ರಂದು ಕ್ರಾಂತಿಯ ಕಡೆ ಸೇರಿತು. ಅಂಗರಕ್ಷಕರು ಕೈಬಿಟ್ಟ ಮೇಲೆ ರೊಮಾನೊವ್ ಸಿಂಹಾಸನ ವಾರವೂ ಉಳಿಯಲಿಲ್ಲ. ಬೊಲ್ಶೆವಿಕರು 1918ರಲ್ಲಿ ರೆಜಿಮೆಂಟನ್ನು ವಿಸರ್ಜಿಸಿದರೂ ಉಳಿದವರಿಂದ ಪೆಟ್ರೋಗ್ರಾಡಿನ (ಪೀಟರ್ಸ್‌ಬರ್ಗ್‌ನ ಅಂದಿನ ಹೆಸರು) ಕಾವಲು ಪಡೆಯೊಂದು ಆಯಿತು. 1919ರ ಮೇ ಕೊನೆಯಲ್ಲಿ ಬೊಲ್ಶೆವಿಕ್ ವಿರೋಧಿ ‘ಬಿಳಿ’ ಸೇನೆಯ ವಿರುದ್ಧ ರಣರಂಗಕ್ಕೆ ಕಳಿಸಿದಾಗ ಆ ಪಡೆ ವಿರಾ ಎಂಬ ಹಳ್ಳಿಯಲ್ಲಿ ರಾತ್ರೋರಾತ್ರಿ ಶತ್ರುಗಳ ಪಕ್ಷ ಸೇರಿತು. ಕಮಿಸಾರ್ ಅಲೆಕ್ಸಾಂಡರ್ ರಾಕೊವ್ ಪ್ರಾಣಬಿಟ್ಟ. ಮುಂದೆ ಲೆನಿನ್‌ಗ್ರಾಡ್ ಎನಿಸಿದ ಅದೇ ನಗರದಲ್ಲಿ ಉಳಿದಿದ್ದ ಮಾಜಿ ಅಧಿಕಾರಿಗಳನ್ನು 1930-31ರಲ್ಲಿ ಗುಪ್ತ ಪೊಲೀಸರು ಹಿಡಿದು ಹಲವರನ್ನು ಗುಂಡಿಟ್ಟು ಕೊಂದರು. ಕೊನ್‌ಸ್ತಾಂತಿನ್ ತೊನ್ ಕಟ್ಟಿದ್ದ ರೆಜಿಮೆಂಟಿನ ಇಗರ್ಜಿಯನ್ನು 1933ರಲ್ಲಿ ಕೆಡವಿದರು. ಕವಾಯತು ಮೈದಾನದ ಒಂದು ಭಾಗದಲ್ಲಿ ಈಗ ಮಕ್ಕಳ ರಂಗಮಂದಿರವಿದೆ.

2013ರ ಏಪ್ರಿಲ್‌ನಲ್ಲಿ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಮಾಸ್ಕೋದ ಒಂದು ಕಾಲಾಳು ರೆಜಿಮೆಂಟಿಗೆ ಸೆಮ್ಯೊನೊವ್‌ಸ್ಕಿ ಎಂಬ ಹೆಸರನ್ನು ಮರಳಿ ಕೊಟ್ಟರು. 1820ರಂತೆ ಈ ಸಲವೂ ಮುಂದುವರಿದದ್ದು ಹೆಸರು ಮಾತ್ರ: ವಿರಾ ಹಳ್ಳಿಯ ರಾತ್ರಿಗೂ ಈ ಆಜ್ಞೆಗೂ ನಡುವೆ 94 ವರ್ಷಗಳ ಅಂತರ.